ನಲವತ್ತೇಳನೆಯ ಹಸು

ನನಗೆ ಎಣಿಸುವ ಚಟ. ಬಸ್ಸಿನಲ್ಲಿ ಕೂತರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನೂ ಎಣಿಸುತ್ತೇನೆ. ಪ್ರತಿ ಸಲವೂ ಇಪ್ಪತ್ತೇಳೇ ಇರುತ್ತವೆ, ಆದರೂ ಎಣಿಸುತ್ತೇನೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತವರನ್ನು ಎಣಿಸಿ, ಕೊನೆಯ ಪಂಕ್ತಿಗೆ ಹನ್ನೊಂದು ಒಬ್ಬಟ್ಟು ಸಾಲದು ಎಂದು ಹೇಳಿ ಬೀಗರಿಂದ ಬೈಸಿಕೊಂಡವಳು ನಾನು. ಹನ್ನೊಂದೇ ಸಾಲದೆ ಬಂದವು, ಅದು ಬೇರೆ ಮಾತು. ತಾಳವಾಡಿಯ ದನದ ಆಸ್ಪತ್ರೆಯಲ್ಲಿ ಜಾನುವಾರು ಇನ್ಸ್‌ಪೆಕ್ಟರ್ ಕೆಲಸ ನನ್ನದು. ನನ್ನ ರಿಜಿಸ್ಟರಿನಲ್ಲಿ ಒಂದು ತಿದ್ದು, ಒಂದು ಗೀಚು ಹುಡುಕಿದರೂ ಸಿಗುವುದಿಲ್ಲ. ಇಂಥ ನಾನು ಒಂದು ಬೆಟ್ಟದ ಊರಿನಲ್ಲಿ ಹತ್ತಾರು ಜನರ ಎದುರು ನಿಂತು, ನನ್ನ ಲೆಕ್ಕ ತಪ್ಪು ಎಂದು ಒಪ್ಪಿಕೊಂಡು ಬಂದೆ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಕಾಡಂಚಿನ ಒಂದು ಊರಿನಲ್ಲಿ ಕಾಲುಬಾಯಿ ರೋಗ ಕಾಣಿಸಿಕೊಂಡಿತು. ದನದ ಬಾಯಲ್ಲೂ ಗೊರಸಿನ ಸಂದಿಯಲ್ಲೂ ಹುಣ್ಣಾಗುವ ರೋಗ. ದೊಡ್ಡ ದನ ಹೇಗೋ ಬದುಕಿಕೊಳ್ಳುತ್ತದೆ, ಕರುಗಳು ಉಳಿಯುವುದಿಲ್ಲ. ಆ ಊರಿನ ದನಗಳು ನೀರು ಕುಡಿಯುವ ಕೆರೆಗೇ ಮೇಲಿನ ಬೆಟ್ಟದ ದನಗಳೂ ಇಳಿಯುತ್ತವೆ. ಬೆಟ್ಟದ ಮೇಲಿರುವ ಮೂವತ್ತು ಮನೆಗಳ ಆ ಊರನ್ನು ನಾವು ಆಸ್ಪತ್ರೆಯವರು ಮೇಲ್ದೊಡ್ಡಿ ಎನ್ನುತ್ತಿದ್ದೆವು. ಅಲ್ಲಿಯ ದನಗಳಿಗೆ ರೋಗ ಹತ್ತುವ ಮೊದಲೇ ಲಸಿಕೆ ಹಾಕಿ ಬರಬೇಕೆಂದು ಡಾಕ್ಟರು ಹೇಳಿದರು. ಅವರು ಘಾಟಿಯ ಕೆಳಗಿನ ತಮಿಳು ಸೀಮೆಯವರು, ಚಿಕ್ಕ ವಯಸ್ಸು. ಘಾಟಿ ಹತ್ತಿದರೆ ಒಂಬತ್ತನೆಯ ತಿರುವಿನಿಂದಲೇ ವಾಂತಿ ಶುರು. ಬೆಟ್ಟದ ಕೆಲಸವೆಲ್ಲ ಹಾಗಾಗಿ ನನ್ನ ಪಾಲಿಗೆ.

ಜೀಪು ಒಂದು ಹಳ್ಳದವರೆಗೆ ಹೋಗುತ್ತದೆ. ಅಲ್ಲಿಂದ ಏರು ದಾರಿ, ಎರಡು ಗಂಟೆ ನಡಿಗೆ. ನನ್ನ ಮೈಗೆ ಎರಡೂವರೆ. ಲಸಿಕೆ ಬಾಟಲಿಗಳಿದ್ದ ಐಸ್ ಪೆಟ್ಟಿಗೆಯನ್ನು ನಮ್ಮ ಅಟೆಂಡರಣ್ಣ ಹೊತ್ತಿದ್ದ. ರಿಟೈರಾಗಲು ಎರಡು ವರ್ಷ ಇದ್ದ ಮನುಷ್ಯ. ದನದ ಮೂಗು ಹಿಡಿದರೆ ಅದು ಅಲುಗಾಡುವ ಹಾಗಿಲ್ಲ, ಅಂಥ ಕೈ. ಬಾಯಿ ಮಾತ್ರ ಕೇಳಿದಷ್ಟಕ್ಕೇ ತೆರೆಯುತ್ತದೆ. ಲಸಿಕೆ ಬಿಸಿಯಾಗಬಾರದು, ಹೆಪ್ಪುಗಟ್ಟಲೂಬಾರದು. ಬಾಟಲಿಯ ಮುಚ್ಚಳಕ್ಕೆ ಒಂದು ಸಲ ಸೂಜಿ ಚುಚ್ಚಿದರೆ ಅವತ್ತೇ ಮುಗಿಸಬೇಕು. ಒಂದು ಬಾಟಲಿಯಲ್ಲಿ ನೂರು ಎಂಎಲ್, ಒಂದು ದನಕ್ಕೆ ಎರಡು ಎಂಎಲ್. ಆದ್ದರಿಂದ ಎಷ್ಟು ದನ ಇವೆ ಎಂಬುದು ಮೊದಲು ಗೊತ್ತಾಗಬೇಕು. ನಾನು ಕೇಳಿದ್ದೂ ಅಷ್ಟೇ.

ಮೇಲ್ದೊಡ್ಡಿಯಲ್ಲಿ ಊರಿನ ದನವೆಲ್ಲ ಒಂದೇ ದೊಡ್ಡಿಯಲ್ಲಿ, ಮುಳ್ಳುಬೇಲಿಯ ನಡುವೆ. ಬೆಳಿಗ್ಗೆ ಬೇಲಿ ತೆಗೆದರೆ ಮೇಯಲು ಕಾಡಿಗೆ ಹೋಗಿ ಸಂಜೆಗೆ ತಾವಾಗಿ ಬರುತ್ತವೆ. ದೊಡ್ಡಿಯ ಯಜಮಾನ ಹಣೆ ತುಂಬ ವಿಭೂತಿ ಬಳಿದುಕೊಂಡ, ಅವಸರವೇ ಇಲ್ಲದ ಮನುಷ್ಯ. ನಮಗೆ ನೀರು ಕೊಟ್ಟ, ಕೂರಲು ಚಾಪೆ ಹಾಸಿದ. ಊರಿಗೆ ಕರೆಂಟಿಲ್ಲದ್ದು, ಸೋಲಾರ್ ದೀಪದ ಬ್ಯಾಟರಿಯನ್ನು ಕರಡಿ ಎಳೆದಾಡಿದ್ದು, ಹೆರಿಗೆ ನೋವು ಬಂದವಳನ್ನು ಕಂಬಳಿಯಲ್ಲಿ ಹೊತ್ತು ಹಳ್ಳದವರೆಗೆ ಇಳಿಸಿದ್ದು, ಎಲ್ಲವನ್ನೂ ಕೇಳದೆಯೇ ಹೇಳಿದ. ಇಷ್ಟೆಲ್ಲ ಹೇಳುವವನು ದನದ ಲೆಕ್ಕ ಹೇಳದೆ ಇರುತ್ತಾನೆಯೇ ಎಂದುಕೊಂಡು ರಿಜಿಸ್ಟರ್ ಬಿಚ್ಚಿದೆ. ದನ ಎಷ್ಟಿವೆ ಎಂದೆ.

"ಅವೆ ಕಣವ್ವ," ಎಂದ.

"ಅವೆ ಅನ್ನೋದು ಗೊತ್ತು ಯಜಮಾನ್ರೆ. ಎಷ್ಟವೆ?"

"ಮಾದಪ್ಪ ಕೊಟ್ಟಷ್ಟವೆ."

ಪಕ್ಕದವನನ್ನು ಕೇಳಿದೆ. ಅವನೂ ಅವೆ ಎಂದ. ಅವನ ಹೆಂಡತಿ ಒಳಗಿನಿಂದಲೇ ಅವೆ ಎಂದಳು. ಸುಮಾರು ಹೇಳಿ, ಐವತ್ತೋ ನೂರೋ ಎಂದೆ. ಯಜಮಾನ ಆಕಾಶ ನೋಡಿ, ಇವತ್ತು ಬಿಸಿಲು ಜೋರಾಗಿದೆ ಎಂದ. ನನ್ನ ರಕ್ತ ಕುದಿಯತೊಡಗಿತು. ಎರಡೂವರೆ ಗಂಟೆ ಏರು ಹತ್ತಿ ಬಂದವಳಿಗೆ ಒಂದು ಅಂಕಿ ಕೊಡಲು ಇಷ್ಟು ಜಿಪುಣತನವೇ?

ಅಷ್ಟರಲ್ಲಿ ಮೇಯಲು ಬಿಡುವ ಹೊತ್ತಾಯಿತೆಂದು ಬೇಲಿ ತೆಗೆದರು. ದನಗಳು ಓಣಿಯಲ್ಲಿ ಒಂದರ ಹಿಂದೆ ಒಂದು ಹೊರಬಂದವು. ನಾನು ದೊಡ್ಡಿಯ ಬಾಯಲ್ಲಿ ನಿಂತು, ಬೆರಳು ತೋರಿಸಿ, ಇಸ್ಕೂಲು ಮೇಡಂ ಹಾಗೆ ದೊಡ್ಡ ದನಿಯಲ್ಲಿ ಎಣಿಸಿದೆ. ಒಂದು, ಎರಡು, ಮೂರು. ಹತ್ತಕ್ಕೆ ಬರುವಷ್ಟರಲ್ಲಿ ಊರು ಸದ್ದಡಗಿತ್ತು. ಜನ ಗೌರವದಿಂದ ಕೇಳುತ್ತಿದ್ದಾರೆ ಎಂದುಕೊಂಡು ದನಿ ಇನ್ನಷ್ಟು ಏರಿಸಿದೆ. ಕೊನೆಗೆ ನಿಧಾನವಾಗಿ ಬಂದದ್ದು ಹಣೆಯಲ್ಲಿ ಬಿಳಿ ಚುಕ್ಕೆಯ ಒಂದು ಕಪ್ಪು ಹಸು. ನಲವತ್ತೇಳು ಎಂದು ಅದರ ಬೆನ್ನ ಮೇಲೆ ಒಂದು ಏಟು ಹಾಕಿದೆ.

ಮುಖಕ್ಕೆ ಒಂದು ಹಿಡಿ ಬೂದಿ ಬಂದು ಬಿತ್ತು. ಎಸೆದವಳು ಆ ಹಸುವಿನ ಒಡತಿ, ಕಡ್ಡಿಯಂಥ ಒಬ್ಬ ಅಜ್ಜಿ. ದನ ಎಣಿಸಿದರೆ ಎಣಿಸಿದಷ್ಟು ಉಳಿಯುವುದಿಲ್ಲ ಎಂದು ಅಲ್ಲಿಯವರ ನಂಬಿಕೆ. ಹೆತ್ತ ತಾಯಿ ಮಕ್ಕಳನ್ನೂ, ದನ ಸಾಕಿದವನು ದನವನ್ನೂ ಬೆರಳು ತೋರಿಸಿ ಎಣಿಸುವುದಿಲ್ಲ. ಅಜ್ಜಿ ಎಸೆದ ಬೂದಿ ದೃಷ್ಟಿ ತೆಗೆಯಲು. ನನಗೆ ಇದು ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮಜ್ಜಿಯೂ ಕೋಳಿಮರಿ ಎಣಿಸಲು ಬಿಡುತ್ತಿರಲಿಲ್ಲ. ಕುತ್ತಿಗೆಗೆ ಗುರುತಿನ ಕಾರ್ಡು ಬಿದ್ದ ಮೇಲೆ ಮರೆತೇಬಿಟ್ಟಿದ್ದೆ.

ಯಜಮಾನ ಒಂದು ಕೂಗು ಹಾಕಿದ. ನಲವತ್ತೇಳೂ ಕಾಡಿಗೆ ಹೊಕ್ಕವು. ಇನ್ನು ಸೂಜಿ ಹಾಕಲು ಕುತ್ತಿಗೆ ಸಿಗಬೇಕಾದರೆ ಕಾಡೆಲ್ಲ ಅಲೆಯಬೇಕು. ಬಾಟಲಿಯ ಮುಚ್ಚಳ ಚುಚ್ಚದೆ, ಬಂದ ದಾರಿಯಲ್ಲೇ ಇಳಿದೆವು. ಗೊತ್ತಿದ್ದೂ ಯಾಕಣ್ಣ ಹೇಳಲಿಲ್ಲ ಎಂದು ಅಟೆಂಡರಣ್ಣನನ್ನು ಕೇಳಿದೆ. ನೀವು ಕೇಳಲಿಲ್ಲವಲ್ಲ ಮೇಡಂ ಎಂದ.

ಮಾರನೆಯ ದಿನ ಮೇಲ್ದೊಡ್ಡಿಯಿಂದ ರೇಷನ್ನಿಗೆ ಇಳಿದವರು ಸುದ್ದಿ ತಂದರು. ಅಜ್ಜಿಯ ಹಸು ಚುಕ್ಕಿ ಮನೆಗೆ ಬಂದಿಲ್ಲ. ಉಳಿದದ್ದೆಲ್ಲ ಬಂದಿವೆ, ನಾನು ಬೆನ್ನು ತಟ್ಟಿ ನಲವತ್ತೇಳು ಅಂದದ್ದೊಂದೇ ಬಂದಿಲ್ಲ. ಅಜ್ಜಿಗೂ ಸೊಸೆಗೂ ಇದ್ದ ಕರೆಯುವ ಹಸು ಅದೊಂದೇ. ಅದರ ಬೆಣ್ಣೆ ಸಂತೆಗೆ ಬಂದರೆ ಅವರ ಮನೆಗೆ ಉಪ್ಪು ಎಣ್ಣೆ. ಅದೂ ಗಬ್ಬದ ಹಸು. ಈಗ ಹಾಲು ಬತ್ತಿಸಿ ಕರುವಿಗಾಗಿ ಕಾಯುತ್ತಿದ್ದರಂತೆ. ಚಿರತೆ ತಿಂದಿದೆ, ಆದರೆ ತಿನ್ನಿಸಿದವಳು ಆಸ್ಪತ್ರೆಯ ಮೇಡಂ ಎಂದು ಊರು ತೀರ್ಮಾನಿಸಿತ್ತು. ಇನ್ನು ಮೇಲೆ ಸೂಜಿಯವರು ಯಾರೂ ಬೆಟ್ಟ ಹತ್ತಬಾರದೆಂದೂ ಹೇಳಿ ಕಳಿಸಿದ್ದರು.

ಡಾಕ್ಟರು ತಲೆ ಕೆಡಿಸಿಕೊಳ್ಳಲಿಲ್ಲ. ರಿಜಿಸ್ಟರಿನಲ್ಲಿ ಮಾಲೀಕರು ಒಪ್ಪಲಿಲ್ಲ ಎಂದು ಬರೆಯಲು ಒಂದು ಕಾಲಂ ಇದೆ, ಬರೆದು ಸೈನ್ ಹಾಕಿ, ಮುಗಿಯಿತು ಎಂದು ತಮಿಳಿನಲ್ಲಿ ಹೇಳಿದರು. ಅವರು ಹೇಳಿದ್ದು ತಪ್ಪೇನಲ್ಲ. ಪೆನ್ನು ಹಿಡಿದೆ. ಆದರೆ ಕೆಳಗಿನ ಊರಿನ ದನಗಳ ಜೊಲ್ಲು ಕಣ್ಣ ಮುಂದೆ ಬಂತು. ಅದು ಆ ಕೆರೆಗೆ ಬಿದ್ದರೆ ಮೇಲ್ದೊಡ್ಡಿಯ ಕರುಗಳು ಒಂದೂ ಉಳಿಯುವುದಿಲ್ಲ, ಆಗ ನಾನು ಎಣಿಸಿದ್ದೇ ನಿಜವಾಗಿ ಹೋಗುತ್ತದೆ. ನನಗೆ ಹೆದರಿಕೆಯಾಯಿತು. ಕಾಲಂ ಖಾಲಿ ಬಿಟ್ಟು ಮನೆಗೆ ಬಂದೆ.

ಮನೆಯಲ್ಲಿ ನನ್ನ ಮಗಳು ಹೆರಿಗೆಗೆಂದು ಬಂದಿದ್ದಳು. ಎಂಟು ತಿಂಗಳು ಹನ್ನೆರಡು ದಿನ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ. ಸೊಂಟಕ್ಕೆ ಕೈ ಕೊಟ್ಟು, ಕಾಲು ಅಗಲಿಸಿಕೊಂಡು, ಅಂಗಳದಲ್ಲಿ ನಿಧಾನಕ್ಕೆ ನಡೆಯುತ್ತಿದ್ದಳು. ನೋಡುತ್ತ ನೋಡುತ್ತ ಚುಕ್ಕಿ ದೊಡ್ಡಿಯಿಂದ ಹೊರಬಂದ ನಡಿಗೆ ನೆನಪಾಯಿತು. ಹಾಗೇ ಬಾಲದ ಬುಡದ ಎರಡೂ ಕಡೆ ಕುಳಿ ಬಿದ್ದದ್ದು ನೆನಪಾಯಿತು. ಮೊಲೆತೊಟ್ಟುಗಳು ಬಿಗಿದು ಹೊಳೆಯುತ್ತಿದ್ದದ್ದೂ ನೆನಪಾಯಿತು. ಇವತ್ತೋ ನಾಳೆಯೋ ಈಯುವ ಹಸುವಿನ ಲಕ್ಷಣ. ಪುಸ್ತಕದಲ್ಲಿ ಓದಿ ಪಾಸಾದವಳು, ನೂರು ಹಸು ಈಯಿಸಿದವಳು, ಕಣ್ಣೆದುರು ನಿಂತದ್ದನ್ನು ನೋಡಲಿಲ್ಲ. ಎಣಿಸುತ್ತಿದ್ದೆನಲ್ಲ. ಈ ಹೋಲಿಕೆಯನ್ನು ಮಗಳಿಗೆ ಹೇಳಲಿಲ್ಲ, ಹೇಳಿದ್ದರೆ ಅವತ್ತೇ ಗಂಡನ ಮನೆಗೆ ಹೊರಡುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಮತ್ತೆ ಬೆಟ್ಟ. ಐಸ್ ಪೆಟ್ಟಿಗೆಯಲ್ಲಿ ಒಂದೇ ಬಾಟಲಿ ಇಟ್ಟೆ. ಐವತ್ತು ಡೋಸು, ಸಾಕು. ಎಣಿಸಿದ್ದರಿಂದ ಅಷ್ಟಾದರೂ ಲಾಭವಾಯಿತು. ಹತ್ತುವಾಗ ಬಿದಿರು ಮುರಿಯುವ ಸದ್ದು ಕೇಳಿ, ಆನೆ ದಾರಿ ಬಿಡುವವರೆಗೆ ಮುಕ್ಕಾಲು ಗಂಟೆ ಬಂಡೆಯ ಹಿಂದೆ ಕೂತೆವು. ಎಷ್ಟು ಆನೆ ಇರಬಹುದು ಅಣ್ಣ ಎಂದೆ. ಅಟೆಂಡರಣ್ಣ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಊರಿನಲ್ಲಿ ಈ ಸಲ ಚಾಪೆ ಇಲ್ಲ, ನೀರಿಲ್ಲ. ಅಜ್ಜಿ ಹೊಸಿಲ ಮೇಲೆ ಕೂತು ಮುಖ ತಿರುಗಿಸಿದಳು. ಚುಕ್ಕಿಯನ್ನು ಚಿರತೆ ತಿಂದಿಲ್ಲ, ಅದು ಈಯಲು ಮರೆಗೆ ಹೋಗಿದೆ ಎಂದೆ. ಅಜ್ಜಿ ಗೋಡೆಗೆ ಹೇಳುವ ಹಾಗೆ ಹೇಳಿದಳು, ಬರುವ ಅಮಾಸೆ ಕಳೆದ ಮೇಲೆ ಅದು ಈಯುವುದು, ಇನ್ನೂ ದಿನ ಇದೆ. ಕಾಡಲ್ಲಿ ಮೇಯುವ ಹಸು ಹೋರಿಯ ಜತೆ ಸೇರಿದ ದಿನ ನಿನಗೆ ಹೇಗೆ ಗೊತ್ತಜ್ಜಿ ಎಂದೆ. ಯಜಮಾನ ಮೀಸೆಯ ಒಳಗೆ ನಕ್ಕ ಹಾಗಿತ್ತು.

ಅಲ್ಲಿಗೆ ನಾನು ಒಂದು ಮಾತು ಕೊಟ್ಟೆ. "ಐಸು ಕರಗೋಗಂಟ ಉಡುಕ್ತೀನಿ. ಅಸ ಸಿಗ್ದಿದ್ರೆ ಈ ಬೆಟ್ಟ ಅತ್ತಲ್ಲ. ಸಿಕ್ರೆ, ಇವತ್ತೇ ಎಲ್ಲಾ ದನಕ್ಕೂ ಸೂಜಿ ಆಕಿಸ್ಬೇಕು."

ಯಜಮಾನ ಅವತ್ತು ದನ ಬಿಡದೆ ದೊಡ್ಡಿಯಲ್ಲೇ ಇರಿಸುವುದಾಗಿ ಒಪ್ಪಿಕೊಂಡ. ಅಜ್ಜಿ ಎದ್ದು ಕೋಲು ತೆಗೆದುಕೊಂಡಳು. ಅಟೆಂಡರಣ್ಣ ಪೆಟ್ಟಿಗೆಯನ್ನು ನೆರಳಿಗಿಟ್ಟು ಅದರ ಪಕ್ಕದಲ್ಲೇ ಮಲಗಿದ. ಐಸ್ ಕಾಯುತ್ತಿದ್ದೇನೆ ಎಂದ.

ಊರಿನವರು ಹಿಂದಿನ ದಿನವೆಲ್ಲ ಹುಡುಕಿದ್ದರು. ಹುಡುಕಿದ್ದು ಕಮರಿಯಲ್ಲಿ, ಚಿರತೆ ಓಡಾಡುವ ಕಡೆ, ಹದ್ದು ಸುತ್ತುವ ಕಡೆ. ಅಂದರೆ ಅವರು ಸತ್ತ ಹಸುವನ್ನು ಹುಡುಕಿದ್ದರು. ಈಯುವ ಹಸು ಮಂದೆಯಿಂದ ದೂರ ಹೋಗುತ್ತದೆ, ನೀರಿನಿಂದ ದೂರ ಹೋಗುವುದಿಲ್ಲ. ಒಣಗಿದ ನೆಲ, ಮೂರು ಕಡೆ ಮರೆ ಬೇಕು ಅದಕ್ಕೆ. ಅಂಥ ಜಾಗ ಎಲ್ಲಿದೆ ಎಂದು ಅಜ್ಜಿಯನ್ನು ಕೇಳಿದೆ. ನೀರು ಜಿನುಗುವ ಊಟೆಯ ಮೇಲಿನ ದಿಣ್ಣೆಯಲ್ಲಿ ಲಂಟಾನದ ಮೆಳೆ ಇದೆ ಎಂದಳು. ಅತ್ತ ನಡೆದೆವು. ಅವಳು ಮೇಕೆಯ ಹಾಗೆ ಮುಂದೆ ಮುಂದೆ, ನಾನು ಹತ್ತು ಹೆಜ್ಜೆಗೊಮ್ಮೆ ಮರ ಹಿಡಿದುಕೊಂಡು ಹಿಂದೆ.

ದಾರಿಯಲ್ಲಿ ಅಜ್ಜಿಯೇ ಮೊದಲು ಮಾತಾಡಿದಳು. ಬರಬೇಡವೆಂದರೂ ಯಾಕೆ ಬಂದೆ ಎಂದು ಕೇಳಿದಳು. ನಡಿಗೆ ನೋಡಿ ಗೊತ್ತಾಯಿತು, ನಮ್ಮ ಮನೆಯಲ್ಲೂ ಮಗಳು ತುಂಬಿದ್ದಾಳೆ, ಎಂಟು ತಿಂಗಳು ಹದಿಮೂ... ಎನ್ನುವಷ್ಟರಲ್ಲಿ ಅಜ್ಜಿ ಕೋಲಿನಿಂದ ನನ್ನ ಕಾಲಿಗೆ ತಟ್ಟಿದಳು.

"ತಿಂಗ್ಳು ಗಿಂಗ್ಳು ಏಳ್ಬ್ಯಾಡ. ತುಂಬವ್ಳೆ ಅನ್ನು, ಸಾಕು. ಕಾಡು ಕೇಳುಸ್ಕತದೆ."

ಮೂಢನಂಬಿಕೆ ಎಂದು ವಾದಿಸುವ ಉಸಿರು ನನ್ನಲ್ಲಿರಲಿಲ್ಲ. ಸುಮ್ಮನೆ ತಲೆ ಆಡಿಸಿದೆ.

ಮೆಳೆಯ ಹತ್ತಿರ ಅಜ್ಜಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ತೊಟ್ಟಿಲ ಕೂಸನ್ನು ಕರೆಯುವಷ್ಟು ಮೆತ್ತಗೆ ಕರೆದಳು. "ಚುಕ್ಕೀ, ಬಾ ಮಗಾ."

ಒಳಗಿನಿಂದ ಒಂದು ಹೂಂಕಾರ ಬಂತು. ಅಜ್ಜಿಯ ಕೈಯಿಂದ ಕೋಲು ಬಿತ್ತು. ನನಗೆ ಸಂತೋಷ ತಡೆಯಲಾಗಲಿಲ್ಲ. ಕೊಂಬೆ ಸರಿಸಿ ತಲೆ ಒಳಗೆ ತೂರಿಸಿದೆ. ಚುಕ್ಕಿ ನಿಂತಿತ್ತು, ಅದರ ಹೊಟ್ಟೆಯ ಕೆಳಗೆ ಕಂದು ಬಣ್ಣದ ಹೆಣ್ಣುಗರು, ಹೊಕ್ಕುಳಬಳ್ಳಿ ಇನ್ನೂ ಹಸಿ. ಇಷ್ಟು ನೋಡಿದ್ದು ನೆನಪಿದೆ. ಮರುಕ್ಷಣ ಚುಕ್ಕಿ ತಲೆ ತಗ್ಗಿಸಿ ನನ್ನ ಮೇಲೆ ನುಗ್ಗಿತು. ಹಿಂದಕ್ಕೆ ಓಡಿ ದಿಣ್ಣೆಯಿಂದ ಉರುಳಿದವಳು ನೇರವಾಗಿ ಹೋಗಿ ಕೂತದ್ದು ಆನೆಯ ಲದ್ದಿಯ ಮೇಲೆ. ಹೊಸ ಲದ್ದಿ. ಅಜ್ಜಿ ಅಳುತ್ತಿದ್ದವಳು ನನ್ನನ್ನು ನೋಡಿ ನಗತೊಡಗಿದಳು, ನಗುತ್ತ ನೆಲದ ಮೇಲೆ ಕೂತಳು, ಮತ್ತೆ ಅತ್ತಳು. ನಾನೂ ಲದ್ದಿಯಲ್ಲೇ ಕೂತು ನಕ್ಕೆ. ಬದುಕಿದೆಯಾ ಬಡಜೀವವೇ ಎಂದುಕೊಂಡೆ, ನನಗೂ ಹಸುವಿಗೂ ಸೇರಿಸಿ.

ಹೊಸದಾಗಿ ಈದ ಹಸುವನ್ನು ಹೊಡೆದು ಕರೆತರಲಾಗುವುದಿಲ್ಲ. ಕರುವನ್ನು ಹೊತ್ತು ಮುಂದೆ ನಡೆದರೆ ಅದು ವಾಸನೆ ಹಿಡಿದು ಹಿಂದೆ ಬರುತ್ತದೆ. ಅಜ್ಜಿಯ ಕೈಲಿ ಹೊರಲಾಗದು, ಹಾಗಾಗಿ ನಾನೇ ಹೆಗಲ ಮೇಲೆ ಹಾಕಿಕೊಂಡೆ. ಕರು ಕುತ್ತಿಗೆಯ ಮೇಲೆ ಉಚ್ಚೆ ಹೊಯ್ದಿತು. ಚುಕ್ಕಿ ದಾರಿಯುದ್ದಕ್ಕೂ ಕರುವನ್ನು ನೆಕ್ಕುವುದು, ನನ್ನ ಸೊಂಟಕ್ಕೆ ಕೊಂಬಿನಲ್ಲಿ ತಿವಿಯುವುದು, ಎರಡನ್ನೂ ಸರದಿಯಂತೆ ಮಾಡಿತು. ತಿವಿತ ಎಷ್ಟಾಯಿತೆಂದು ಎಣಿಸಲಿಲ್ಲ. ಊರ ಬಾಗಿಲಲ್ಲಿ ಅಟೆಂಡರಣ್ಣ ಎದ್ದು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗುಮಟಾಪುರದ ಸಗಣಿ ಹಬ್ಬ ಮುಗಿಸಿಕೊಂಡು ಬಂದಿರಾ ಮೇಡಂ ಎಂದ. ಐಸು ಅರ್ಧ ಉಳಿದಿದೆ ಎಂದೂ ಹೇಳಿದ.

ಜನ ಸೇರಿದರು. ಈಗ ಸೂಜಿ ಹಾಕಿಸುತ್ತಾರೆ ಎಂದು ನಾನು ಸಿರಿಂಜು ಜೋಡಿಸತೊಡಗಿದೆ. ಯಾರೂ ದೊಡ್ಡಿಯ ಕಡೆ ಹೆಜ್ಜೆ ಇಡಲಿಲ್ಲ. ಹಸು ಸಿಕ್ಕಿತು ಸರಿ, ಎಣಿಸಿದ ದೋಷ ಎಲ್ಲಿಗೆ ಹೋಗುತ್ತದೆ ಎಂಬುದು ಅವರ ತಕರಾರು. ಈ ಸಲ ಚುಕ್ಕಿ ತಪ್ಪಿಸಿಕೊಂಡರೆ ಇನ್ನೊಂದಕ್ಕೆ ತಗಲುತ್ತದೆ. ಯಾರ ದನಕ್ಕೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನ ಕರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅದರ ಕಿವಿ ಸವರಿದ. ಆಮೇಲೆ ನನ್ನ ಕಡೆ ತಿರುಗಿದ.

"ಅವತ್ತು ಎಣಿಸ್ದಾಗ ಇದ್ನ ಸೇರುಸ್ದ್ಯಾ ಅವ್ವ?"

"ಇಲ್ಲ ಯಜಮಾನ್ರೆ. ಅದು ಒಟ್ಟೆಲಿತ್ತು."

"ಒಟ್ಟೆಲಿದ್ರೂ ದೊಡ್ಡಿಲೇ ಇತ್ತಲ್ಲ. ಅಂಗಾರೆ ನಿನ್ ಲೆಕ್ಕ ತಪ್ಪು. ತಪ್ಪು ಲೆಕ್ಕಕ್ಕೆ ದೋಸ ಇಲ್ಲ."

ಊರು ಹಗುರಾಗಿ ಉಸಿರು ಬಿಟ್ಟಿತು. ಹೌದು ಹೌದು, ಲೆಕ್ಕವೇ ತಪ್ಪು, ಆಸ್ಪತ್ರೆಯವಳಿಗೆ ಎಣಿಸಲು ಬರುವುದಿಲ್ಲ ಎಂದು ಹೆಂಗಸರು ಮಾತಾಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟದ ಕರುವನ್ನು ಯಾವ ರಿಜಿಸ್ಟರಿನಲ್ಲಿ ಎಣಿಸುತ್ತಾರೆ? ಬಾಯಿ ತೆರೆದೇಬಿಟ್ಟಿದ್ದೆ. ಅಟೆಂಡರಣ್ಣ ತನ್ನ ಬೂಟುಗಾಲನ್ನು ನನ್ನ ಕಾಲಿನ ಮೇಲಿಟ್ಟು ಒತ್ತಿದ. ಕೇಳದೆ ಬಾಯಿ ಬಿಡದವನು, ಕಾಲನ್ನು ಮಾತ್ರ ತಾನಾಗಿಯೇ ಉಪಯೋಗಿಸಿದ.

"ಊ ಕಣ್ರಪ್ಪ," ಎಂದೆ. "ನನ್ ಲೆಕ್ಕ ತಪ್ಪಾಯ್ತು."

ಅಷ್ಟು ಹೇಳಿದ್ದೇ ತಡ, ಓಣಿಯ ಎರಡೂ ಕಡೆ ಬಿದಿರಿನ ಗಳ ಕಟ್ಟಿದರು. ಒಂದೊಂದಾಗಿ ದನ ಬಂದವು. ಅಟೆಂಡರಣ್ಣ ಮೂಗು ಹಿಡಿದ, ಯಜಮಾನ ಕೊಂಬು ಹಿಡಿದ, ನಾನು ಕುತ್ತಿಗೆಗೆ ಸೂಜಿ ಇಳಿಸಿದೆ. ಈ ಸಲ ಎಣಿಸಲಿಲ್ಲ, ಒಂದೊಂದರ ಬಾಲದ ಬುಡ, ಕೆಚ್ಚಲು, ಗೊರಸು ಎಲ್ಲ ನೋಡಿದೆ. ಹಳೆಯ ಗಾಯವೊಂದು, ಕಣ್ಣಿನ ಹುಳುವೊಂದು ಕಣ್ಣಿಗೆ ಬಿದ್ದವು. ಹಿಂದಿನ ಸಲ ಅವೂ ನನ್ನೆದುರೇ ಹಾದುಹೋಗಿದ್ದವು. ಚುಕ್ಕಿ ಸುಸ್ತಾಗಿತ್ತು, ಅದನ್ನು ಬಿಟ್ಟೆ. ಕರುವಿಗೆ ನಾಲ್ಕು ತಿಂಗಳು ತುಂಬದೆ ಹಾಕುವ ಹಾಗಿಲ್ಲ, ಆಗ ತಾಯಿಗೂ ಸೇರಿಸಿ ಹಾಕುತ್ತೇನೆ ಎಂದೆ. ಅಜ್ಜಿ ಆ ನಾಲ್ಕನ್ನು ಕ್ಷಮಿಸಿದಳು.

ರಿಜಿಸ್ಟರಿಗೆ ಅಂಕಿ ಬೇಕಲ್ಲ. ಹಳ್ಳದ ಬಳಿ ಜೀಪಿನಲ್ಲಿ ಕೂತು ಬಾಟಲಿಯನ್ನು ಬೆಳಕಿಗೆ ಹಿಡಿದೆ. ಎಂಟು ಎಂಎಲ್ ಉಳಿದಿತ್ತು. ತೊಂಬತ್ತೆರಡು ಖರ್ಚು, ಅಂದರೆ ನಲವತ್ತಾರು ದನ. ಚುಕ್ಕಿ ಸೇರಿದರೆ ನಲವತ್ತೇಳು. ನನ್ನ ಲೆಕ್ಕ ಸರಿ ಇತ್ತು. ಅದನ್ನು ಆ ಬೆಟ್ಟದಲ್ಲಿ ಯಾರಿಗೂ ಹೇಳುವ ಹಾಗಿರಲಿಲ್ಲ. ದನ ಎಣಿಸಬೇಡ, ಔಷಧಿ ಎಣಿಸು ಎಂಬ ಉಪಾಯ ಮೊದಲೇ ಹೊಳೆದಿದ್ದರೆ ಲದ್ದಿಯಲ್ಲಿ ಕೂರುವುದು ತಪ್ಪುತ್ತಿತ್ತು. ಅಜ್ಜಿ ಕೊಟ್ಟು ಕಳಿಸಿದ ಗಿಣ್ಣದ ಹಾಲು ತೊಡೆಯ ಮೇಲಿತ್ತು, ಮಗಳಿಗೆಂದು ಕೊಟ್ಟಿದ್ದಳು. ಕೆಳಗಿನ ಊರಿನಲ್ಲಿ ಆ ತಿಂಗಳು ಕರುಗಳು ಸತ್ತವು. ಮೇಲ್ದೊಡ್ಡಿಗೆ ರೋಗ ಹತ್ತಲಿಲ್ಲ.

ನಾಲ್ಕು ತಿಂಗಳ ಮೇಲೆ ಹೇಳಿದ ಹಾಗೆ ಹೋದೆ. ಈ ಸಲ ಚಾಪೆ ಇತ್ತು, ನೀರಿತ್ತು, ಜೊತೆಗೆ ಒಂದು ಹೊಸ ಪದ್ಧತಿಯೂ ಇತ್ತು. ಸೂಜಿ ಹಾಕುವ ಮೊದಲು ನಾನು ದೊಡ್ಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಒಂದು ತಪ್ಪು ಲೆಕ್ಕ ಹೇಳಬೇಕಂತೆ. ಹೋದ ಸಲ ಒಳ್ಳೆಯದಾಯಿತಲ್ಲ, ಹಾಗೇ ನಡೆಯಲಿ ಎಂದ ಯಜಮಾನ. ಹನ್ನೆರಡು ಎಂದೆ. ಊರು ಖುಷಿಯಿಂದ ನಕ್ಕಿತು. ಚುಕ್ಕಿಯ ಕರು ನನ್ನ ಸೆರಗು ತಿನ್ನಲು ನೋಡುತ್ತಿತ್ತು.

ಅಜ್ಜಿ ನನ್ನ ಪಕ್ಕ ಬಂದು ಕೂತಳು. "ಮಗಳು ಎತ್ಲಾ?"

"ಎತ್ಲು ಕಣಜ್ಜಿ. ಎಣ್ಣುಕೂಸು."

"ಎಲ್ಲಾ ಅವ್ರಾ?"

"ಅವ್ರೆ," ಎಂದೆ. ಅಜ್ಜಿಗೆ ಬೇಕಾದದ್ದು ಅಷ್ಟೇ ಆಗಿತ್ತು.

ಇಳಿಯುವಾಗ ಅಟೆಂಡರಣ್ಣ, ಅಪರೂಪಕ್ಕೆ, ತಾನಾಗಿ ಒಂದು ಮಾತು ಕೇಳಿದ. ಮೊಮ್ಮಗಳು ಈಗ ಎಷ್ಟು ಕೇಜಿ ಇದ್ದಾಳೆ ಮೇಡಂ ಎಂದ. ಹುಟ್ಟಿದ ದಿನದಿಂದ ವಾರವಾರದ ತೂಕ, ಗ್ರಾಮಿನವರೆಗೆ, ಕ್ಯಾಲೆಂಡರಿನ ಹಿಂದೆ ನನ್ನ ಅಕ್ಷರದಲ್ಲೇ ಬರೆದಿದೆ. ಅಂಕಿ ನಾಲಗೆಯ ತುದಿಗೆ ಬಂತು. ಸುತ್ತ ಕಾಡು ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಿತ್ತು.

"ಅವ್ಳೆ ಕಣಣ್ಣ," ಎಂದೆ.